ಹೆಚ್ಚುವರಿ ಪ್ರಭಾರದಲ್ಲಿರುವ ಹೊಣೆ

ಕೇಳುಗರೇ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಸಂರಕ್ಷಿಸಲು ಸಂಸತ್ತು 2005ರಲ್ಲಿ ಅಂಗೀಕರಿಸಿದ ಅಧಿನಿಯಮದ 11ನೆಯ ಪ್ರಕರಣದಲ್ಲಿ ಬಾನುಲಿಯ ಹೆಸರಿದೆ. ಆ ಕಾನೂನಿನಲ್ಲಿ ಏನಿದೆ ಎಂಬುದನ್ನು ದೂರದರ್ಶನ, ಬಾನುಲಿ ಮತ್ತು ಮುದ್ರಣ ಮಾಧ್ಯಮಗಳ ಮೂಲಕ ಕಾಲಕಾಲಕ್ಕೆ ಜನರಿಗೆ ತಿಳಿಸುತ್ತಿರುವುದು ಕೇಂದ್ರ ಸರ್ಕಾರದ ಮತ್ತು ಪ್ರತಿಯೊಂದು ರಾಜ್ಯ ಸರ್ಕಾರದ ಕರ್ತವ್ಯವೆಂದು ಅಲ್ಲಿ ಬರೆದಿದೆ. ಪೊಲೀಸರಿಗೂ ನ್ಯಾಯಾಂಗದ ಅಧಿಕಾರಿಗಳಿಗೂ ಆಗಾಗ ತರಬೇತಿ ಕೊಡಬೇಕು, ಕಾನೂನು, ಗೃಹ, ಆರೋಗ್ಯ ಮೊದಲಾದ ಇಲಾಖೆಗಳ ನಡುವೆ ಹೊಂದಾಣಿಕೆ ಇರಬೇಕು, ಯಾವ ಇಲಾಖೆ ಯಾವ ಕೆಲಸ ಮಾಡಬೇಕೆಂಬ ಕಾರ್ಯವಿಧಾನ ಬರವಣಿಗೆಯಲ್ಲಿರಬೇಕು ಎಂಬ ಮಾತುಗಳೂ ಅದೇ ಪ್ರಕರಣದಲ್ಲಿವೆ. ಸರ್ಕಾರ ಇವನ್ನೆಲ್ಲ 'ಮಾಡಬಹುದು' ಎಂದು ಕಾನೂನು ಹೇಳುವುದಿಲ್ಲ, 'ಮಾಡತಕ್ಕದ್ದು' ಎಂದು ಹೇಳುತ್ತದೆ. ಕಚೇರಿ ಕನ್ನಡ ಬಲ್ಲವರಿಗೆ ಆ 'ತಕ್ಕದ್ದು' ಎಂಬ ಪದದ ತೂಕ ಗೊತ್ತಿರುತ್ತದೆ.

ಮಹಿಳೆಯರ ಮೇಲಿನ ಹಿಂಸೆಯನ್ನು ಕೊನೆಗಾಣಿಸುವುದು ಯಾರ ಹೊಣೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ 'ಸಮಾಜ' ಎಂಬುದು. ಉತ್ತರ ತಪ್ಪೇನೂ ಅಲ್ಲ. ಆದರೆ ಸಮಾಜಕ್ಕೆ ಕಚೇರಿಯಿಲ್ಲ, ಆಯವ್ಯಯವಿಲ್ಲ, ಅರ್ಜಿ ತೆಗೆದುಕೊಂಡು ಸ್ವೀಕೃತಿ ಬರೆದುಕೊಡುವ ಗುಮಾಸ್ತರಿಲ್ಲ. ಇವೆಲ್ಲ ಇರುವುದು ಸರ್ಕಾರಕ್ಕೆ. ಆದ್ದರಿಂದ ಈ ಭಾಷಣವು ಸರ್ಕಾರದ ಹೊಣೆಯೊಂದನ್ನೇ ಹಿಡಿದು ಸಾಗುತ್ತದೆ: ಆ ಹೊಣೆ ಎಲ್ಲಿಂದ ಬಂತು, ಯಾರ ಕೈಗೆ ಬಂತು, ಆ ಕೈಗೆ ಎಷ್ಟು ಬಿಡುವಿದೆ.

ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಹೆಂಡತಿಗೆ ಹೊಡೆದವನು ಗಂಡ. ಸರ್ಕಾರ ಕೈ ಎತ್ತಿಲ್ಲ. ಹಾಗಿರುವಾಗ ಸರ್ಕಾರ ಹೊಣೆಯಾಗುವುದು ಹೇಗೆ? ಈ ಪ್ರಶ್ನೆಯ ಮುಂದೆ ಅಂತಾರಾಷ್ಟ್ರೀಯ ಕಾನೂನು ಕೂಡ ಬಹುಕಾಲ ಸುಮ್ಮನಿತ್ತು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕಲು 1979ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 'ಸೀಡಾ' ಎಂಬ ಹ್ರಸ್ವನಾಮದಿಂದ ಪರಿಚಿತವಾದ ಒಡಂಬಡಿಕೆಯಲ್ಲಿ ಮನೆಯೊಳಗಿನ ಹಿಂಸೆಯನ್ನು ನೇರವಾಗಿ ಹೆಸರಿಸುವ ವಿಧಿಯೇ ಇರಲಿಲ್ಲ. 1992ರಲ್ಲಿ ಆ ಒಡಂಬಡಿಕೆಯ ಮೇಲ್ವಿಚಾರಣಾ ಸಮಿತಿಯು ತನ್ನ 19ನೆಯ ಸಾಮಾನ್ಯ ಶಿಫಾರಸಿನಲ್ಲಿ, ಹಿಂಸೆಯೂ ತಾರತಮ್ಯದ ಒಂದು ರೂಪವೆಂದೂ, ಖಾಸಗಿ ವ್ಯಕ್ತಿ ಎಸಗಿದ ಹಿಂಸೆಯನ್ನು ತಡೆಯಲು, ತನಿಖೆ ಮಾಡಿ ಶಿಕ್ಷಿಸಲು, ನೊಂದವರಿಗೆ ಪರಿಹಾರ ಕೊಡಲು 'ತಕ್ಕ ಕಾಳಜಿ' ವಹಿಸದ ಸರ್ಕಾರವೂ ಅದಕ್ಕೆ ಹೊಣೆಯಾಗಬಹುದೆಂದೂ ಹೇಳಿತು. 'ತಕ್ಕ ಕಾಳಜಿ' ಎಂಬುದು ಇಲ್ಲಿ ಪಾರಿಭಾಷಿಕ ಪದ. ಕೆರೆಯ ಏರಿಯ ಉದಾಹರಣೆಯಿಂದ ಅದು ಸುಲಭವಾಗಿ ತಿಳಿಯುತ್ತದೆ. ಮಳೆ ಸುರಿದದ್ದು ಸರ್ಕಾರದ ತಪ್ಪಲ್ಲ. ಆದರೆ ಏರಿಯಲ್ಲಿ ಬಿರುಕು ಬಿಟ್ಟಿದೆಯೆಂದು ಊರವರು ಅರ್ಜಿ ಕೊಟ್ಟಮೇಲೂ ತಿರುಗಿ ನೋಡದ ಇಲಾಖೆ, ಏರಿ ಒಡೆದ ದಿನ ಮಳೆಯ ಕಡೆ ಬೆರಳು ತೋರಿಸಿ ಪಾರಾಗುವಂತಿಲ್ಲ.

ಈ ತತ್ವಕ್ಕೆ ಮುಖ ಬಂದದ್ದು ಬ್ರೆಜಿಲ್ ದೇಶದ ಒಂದು ಪ್ರಕರಣದಲ್ಲಿ. ಮಾರಿಯಾ ದಾ ಪೆನ್ಹಾ ಎಂಬ ಮಹಿಳೆ 1983ರಲ್ಲಿ ನಿದ್ದೆಯಲ್ಲಿದ್ದಾಗ ಗಂಡ ಹಾರಿಸಿದ ಗುಂಡಿನಿಂದ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಮೊಕದ್ದಮೆ ಹದಿನೈದು ವರ್ಷ ದಾಟಿದರೂ ಮುಗಿಯಲಿಲ್ಲ. ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ಆಯೋಗವು 2001ರಲ್ಲಿ ಬ್ರೆಜಿಲ್ ಸರ್ಕಾರವನ್ನೇ ಹೊಣೆ ಮಾಡಿತು. ಗಂಡ ಗುಂಡು ಹಾರಿಸಿದ್ದಕ್ಕಾಗಿ ಅಲ್ಲ, ನ್ಯಾಯಾಲಯಗಳು ನಿದ್ದೆ ಹೋದದ್ದಕ್ಕಾಗಿ. 2006ರಲ್ಲಿ ಅಲ್ಲಿ ಆಕೆಯ ಹೆಸರಿನಿಂದಲೇ ಕರೆಯಲಾಗುವ ಕಾನೂನು ಬಂತು. ಭಾರತದ ಕಾನೂನು ಜಾರಿಗೆ ಬಂದದ್ದೂ ಅದೇ ವರ್ಷದ ಅಕ್ಟೋಬರ್ 26ರಂದು.

ಭಾರತವು ಸೀಡಾ ಒಡಂಬಡಿಕೆಯನ್ನು 1993ರ ಜುಲೈನಲ್ಲಿ ಸ್ಥಿರೀಕರಿಸಿತು. ಸಹಿ ಹಾಕಿದ್ದು ದೆಹಲಿ; ಆದರೆ ಸಂವಿಧಾನದ ಪ್ರಕಾರ ಪೊಲೀಸ್ ವ್ಯವಸ್ಥೆ ರಾಜ್ಯಪಟ್ಟಿಯಲ್ಲಿರುವುದರಿಂದ, ಆ ಸಹಿಯನ್ನು ಉಳಿಸಿಕೊಳ್ಳಬೇಕಾದದ್ದು ಬೆಂಗಳೂರು, ಜೈಪುರ, ಲಖನೌಗಳ ಕೈಕೆಳಗಿನ ಠಾಣೆಗಳು. ಜೈಪುರದ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಗ್ರಾಮಮಟ್ಟದ ಕಾರ್ಯಕರ್ತೆಯೊಬ್ಬರು ಸರ್ಕಾರ ಒಪ್ಪಿಸಿದ ಕೆಲಸವಾಗಿ ಬಾಲ್ಯವಿವಾಹವೊಂದನ್ನು ತಡೆಯಲು ಹೋಗಿ, 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಆ ಘಟನೆಯ ಬೆನ್ನಿಗೆ ಬಂದ ಅರ್ಜಿಯೇ ವಿಶಾಖಾ ಪ್ರಕರಣ. ಕೆಲಸದ ಸ್ಥಳದಲ್ಲಿ ಹೆಣ್ಣಿನ ರಕ್ಷಣೆಗೆ ಕಾನೂನೇ ಇಲ್ಲದಿರುವಾಗ ಸೀಡಾ ಒಡಂಬಡಿಕೆಯನ್ನೂ ಆಧರಿಸಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಮಾರ್ಗಸೂಚಿಗಳನ್ನು ವಿಧಿಸಿತು. ಸಂಸತ್ತು ಅದನ್ನು ಕಾನೂನಾಗಿ ಮಾಡಿದ್ದು 2013ರಲ್ಲಿ. ನಡುವೆ ಹೋದದ್ದು 16 ವರ್ಷ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಹೊಡೆಯುವವನು ಖಾಸಗಿ ವ್ಯಕ್ತಿಯಾದರೂ, ಗೊತ್ತಿದ್ದೂ ತಡೆಯದ ಸರ್ಕಾರ ಹೊಣೆಯಿಂದ ತಪ್ಪಿಸಿಕೊಳ್ಳಲಾರದು. ಇನ್ನು ಆ ಹೊಣೆ ಭಾರತದ ಕಾನೂನಿನಲ್ಲಿ ಮನೆಯ ಹೊಸ್ತಿಲು ದಾಟಿದ್ದು ಹೇಗೆಂದು ನೋಡಬೇಕು.

'ಇದು ನಿಮ್ಮ ಮನೆ ವಿಷಯ, ಹೊಂದಿಕೊಂಡು ಹೋಗಮ್ಮ' ಎಂಬುದು ಠಾಣೆಗಳಲ್ಲಿ ತಲೆಮಾರುಗಳ ಕಾಲ ಕೇಳಿಬಂದ ಮಾತು. 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಪ್ರಕರಣವು ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಅಪರಾಧವೆಂದು ಸಾರಿತು. 1986ರಲ್ಲಿ ಬಂದ 304ಬಿ ಪ್ರಕರಣವು, ಮದುವೆಯಾದ 7 ವರ್ಷದೊಳಗೆ ಸುಟ್ಟು ಅಥವಾ ಅಸಹಜವಾಗಿ ಸತ್ತ ಹೆಣ್ಣು ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆಗೊಳಗಾಗಿದ್ದರೆ ಅದನ್ನು ವರದಕ್ಷಿಣೆ ಸಾವೆಂದು ಪರಿಗಣಿಸಬೇಕೆಂದಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 85 ಮತ್ತು 80ನೆಯ ಪ್ರಕರಣಗಳಾಗಿ ಮುಂದುವರಿದಿವೆ. ಇಂಥ ಸಾವುಗಳಲ್ಲಿ ತಹಸೀಲ್ದಾರರು ಶವಮಹಜರು ನಡೆಸುವ ಪದ್ಧತಿಯೂ ಬಂತು. ಆದರೂ ಕಾನೂನಿನ ಬಾಗಿಲಲ್ಲಿ ಒಂದು ಸಣ್ಣ ಕಿಂಡಿ ಉಳಿದೇಹೋಯಿತು. ಅದರ ಹೆಸರು ಯು.ಡಿ.ಆರ್., ಅಂದರೆ ಅಸಹಜ ಮರಣ ವರದಿ. ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೋವ್ ಸಿಡಿದು ಸೊಸೆ ಸತ್ತಳು ಎಂದು ಒಂದು ಸಾಲು ಬರೆದರೆ ಕಡತ ಮುಗಿಯುತ್ತಿತ್ತು. ಬೆಂಗಳೂರಿನ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಸಾವುಗಳನ್ನೂ ಇಂಥ ವರದಿಗಳನ್ನೂ ಎದುರುಬದುರು ಇಟ್ಟು ಓದಿ ಕೇಳಿದ ಪ್ರಶ್ನೆ ಬಹಳ ಸರಳವಾದದ್ದು: ಮನೆಯಲ್ಲಿ ಅಷ್ಟು ಜನರಿರುವಾಗ ಸ್ಟೋವ್ ಎಳೆಯ ಸೊಸೆಯರನ್ನೇ ಹುಡುಕಿ ಸಿಡಿಯುವುದೇಕೆ? ಸರ್ಕಾರದ ಹೊಣೆ ಎಂಬುದು ಎಷ್ಟೋ ವೇಳೆ ಇಂಥ ಒಂದು ಸಾಲಿನ ಬರವಣಿಗೆಯಲ್ಲಿ ಸೋರಿಹೋಗುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ಬೇರೆಯಿತ್ತು. ಈ ಎರಡು ಪ್ರಕರಣಗಳೂ ಅಪರಾಧಿಯನ್ನು ಜೈಲಿಗೆ ಕಳಿಸುವ ದಾರಿಗಳು. ಪೆಟ್ಟು ತಿಂದ ಹೆಣ್ಣಿಗೆ ಆ ರಾತ್ರಿ ಬೇಕಾಗಿರುವುದು ಗಂಡನಿಗೆ ಜೈಲೋ, ತನಗೆ ಸೂರೋ? ಮಕ್ಕಳು ಯಾರ ಬಳಿ ಮಲಗಬೇಕು, ನಾಳೆ ಅಕ್ಕಿಗೆ ದುಡ್ಡೆಲ್ಲಿ ಎಂಬ ಪ್ರಶ್ನೆಗಳಿಗೆ ದಂಡಸಂಹಿತೆಯಲ್ಲಿ ಉತ್ತರವಿರಲಿಲ್ಲ. 2002ರಲ್ಲಿ ಕೇಂದ್ರ ಸರ್ಕಾರ ಮಂಡಿಸಿದ ಮಸೂದೆಯೊಂದು ಉತ್ತರ ಕೊಡಲು ಹೊರಟು, ಹೊಡೆತವು 'ರೂಢಿಯಾಗಿ' ನಡೆದರೆ ದೌರ್ಜನ್ಯವೆಂದೂ, ಗಂಡಸು ತನ್ನ ಅಥವಾ ತನ್ನ ಆಸ್ತಿಯ ರಕ್ಷಣೆಗಾಗಿ ಮಾಡಿದ್ದಾದರೆ ವಿನಾಯಿತಿಯೆಂದೂ ಬರೆದಿತ್ತು. ಒಮ್ಮೆ ಹೊಡೆದರೆ ರೂಢಿಯಾಗುವುದಿಲ್ಲ ಎಂಬ ಲೆಕ್ಕ ಅದು! ಮಹಿಳಾ ಸಂಘಟನೆಗಳೂ, ಇಂದಿರಾ ಜೈಸಿಂಗ್ ಅವರ ನೇತೃತ್ವದ ವಕೀಲರ ತಂಡವೂ ಅದನ್ನು ಬಲವಾಗಿ ವಿರೋಧಿಸಿದ ಮೇಲೆ, ಹೊಸದಾಗಿ ರೂಪುಗೊಂಡದ್ದು 2005ರ ಅಧಿನಿಯಮ.

ಈ ಅಧಿನಿಯಮದ ಮಾತಿನಲ್ಲಿ ದೌರ್ಜನ್ಯವೆಂದರೆ ದೈಹಿಕ ಹಿಂಸೆ ಮಾತ್ರವಲ್ಲ. ಲೈಂಗಿಕ ಹಿಂಸೆ, ಬೈಗುಳ ಮತ್ತು ಮನಸ್ಸಿಗೆ ಮಾಡುವ ನೋವು, ಸಂಬಳ ಕಿತ್ತುಕೊಳ್ಳುವುದು, ಒಡವೆ ಅಡವಿಡುವುದು, ಮನೆಖರ್ಚಿಗೆ ಕೊಡದಿರುವುದು ಮೊದಲಾದ ಆರ್ಥಿಕ ಹಿಂಸೆಗಳೂ ಅದರಲ್ಲಿ ಸೇರುತ್ತವೆ. ಹೆಂಡತಿಯಷ್ಟೇ ಅಲ್ಲ, ತಾಯಿ, ಮಗಳು, ಅಕ್ಕತಂಗಿಯರು, ಮದುವೆಯಂಥ ಸಂಬಂಧದಲ್ಲಿ ಕೂಡಿ ಬಾಳಿದ ಹೆಣ್ಣು ಕೂಡ ಇದರ ಆಶ್ರಯ ಪಡೆಯಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು 17ನೆಯ ಪ್ರಕರಣ: ಮನೆಯ ಖಾತೆಯಲ್ಲಿ ಹೆಸರಿರಲಿ, ಇಲ್ಲದಿರಲಿ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗೆ ಇದೆ. ಜಾರಿಗೆ ಬಂದ ಕೆಲವೇ ವಾರಗಳಲ್ಲಿ, 2006ರ ಡಿಸೆಂಬರ್‌ನಲ್ಲಿ, ಅತ್ತೆಯ ಹೆಸರಿನಲ್ಲಿರುವ ಮನೆಗೆ ಈ ಹಕ್ಕು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿಬಿಟ್ಟಿತು. ಭಾರತದ ಕುಟುಂಬಗಳಲ್ಲಿ ಮನೆ ಸಾಮಾನ್ಯವಾಗಿ ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ಬಲ್ಲವರಿಗೆ ಆ ತೀರ್ಪಿನ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಅದೇ ನ್ಯಾಯಾಲಯ ಆ ನಿಲುವನ್ನು ತಪ್ಪೆಂದು ತಿದ್ದಿದ್ದು 2020ರಲ್ಲಿ.

ಈವರೆಗೆ ಕಾನೂನಿನ ಹಕ್ಕುಗಳ ಮಾತಾಯಿತು. ಈ ಹಕ್ಕುಗಳನ್ನು ಹೆಣ್ಣಿನ ಕೈಗೆ ತಲುಪಿಸಬೇಕಾದವರು ಯಾರು ಎಂಬುದು ಮುಂದಿನ ಮಾತು; ಇಡೀ ವಿಷಯದ ತಿರುಳು ಇರುವುದೂ ಇಲ್ಲಿಯೇ.

ಕಾನೂನು ಅದಕ್ಕಾಗಿ 'ಸಂರಕ್ಷಣಾಧಿಕಾರಿ' ಎಂಬ ಹುದ್ದೆಯನ್ನು ಸೃಷ್ಟಿಸಿದೆ. ಸಾಧ್ಯವಾದಮಟ್ಟಿಗೆ ಮಹಿಳೆಯರನ್ನೇ ನೇಮಿಸಬೇಕೆಂದೂ, ಪ್ರತಿ ಜಿಲ್ಲೆಗೆ ಅಗತ್ಯವಿರುವಷ್ಟು ಮಂದಿಯನ್ನು ರಾಜ್ಯ ಸರ್ಕಾರ ನೇಮಿಸಬೇಕೆಂದೂ ವಿಧಿಸಿದೆ. ಅವರ ಕೆಲಸದ ಪಟ್ಟಿ ಉದ್ದವಾದದ್ದು. ನೊಂದವಳ ಮಾತು ಕೇಳಿ ಡಿ.ಐ.ಆರ್. ಎಂದು ಕರೆಯುವ ಕೌಟುಂಬಿಕ ಘಟನಾ ವರದಿ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು; ಉಚಿತ ಕಾನೂನು ನೆರವು ಕೊಡಿಸಬೇಕು; ಗಾಯವಾಗಿದ್ದರೆ ವೈದ್ಯಕೀಯ ತಪಾಸಣೆ ಮಾಡಿಸಬೇಕು; ಬೇಕಾದರೆ ಆಶ್ರಯಧಾಮ ಹುಡುಕಿಕೊಡಬೇಕು; ಹಣ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿದರೆ ಅದು ಪಾಲನೆಯಾಗುವಂತೆ ನೋಡಿಕೊಳ್ಳಬೇಕು. ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು. ಅಷ್ಟು ಚುರುಕಾಗಿ ಕೆಲಸ ಸಾಗಬೇಕಾದರೆ ಠಾಣೆ, ಆಸ್ಪತ್ರೆ, ನ್ಯಾಯಾಲಯ, ಮನೆ ಈ ನಾಲ್ಕರ ನಡುವೆ ದಿನವಿಡೀ ಓಡಾಡುವ ಒಬ್ಬ ವ್ಯಕ್ತಿ ಬೇಕೇಬೇಕು.

ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ವ್ಯಕ್ತಿಯೆಂದು ಗೊತ್ತುಮಾಡಿರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು, ಜನರ ಬಾಯಲ್ಲಿ ಹೇಳುವುದಾದರೆ ಸಿಡಿಪಿಓ ಅವರನ್ನು. ರಾಜ್ಯದಲ್ಲಿ ಇಂಥ ಅಧಿಕಾರಿಯೊಬ್ಬರ ಪಾಲಿಗೆ ಸರಾಸರಿ 300ರ ಆಸುಪಾಸು ಅಂಗನವಾಡಿಗಳು ಬರುತ್ತವೆ. ಅವುಗಳ ಮೊಟ್ಟೆ, ಹಾಲಿನ ಪುಡಿ, ಪೌಷ್ಟಿಕ ಆಹಾರದ ಲೆಕ್ಕ, ಕಟ್ಟಡದ ಸೋರುವ ಸೂರು, ಕಾರ್ಯಕರ್ತೆಯರ ನೇಮಕದ ತಕರಾರು, ಮಾತೃವಂದನಾ, ಭಾಗ್ಯಲಕ್ಷ್ಮಿ, 2023ರಿಂದೀಚೆಗೆ ಗೃಹಲಕ್ಷ್ಮಿಯ ಹಣ ಬಾರದ ದೂರುಗಳು, ಇವೆಲ್ಲ ಒಂದೇ ಮೇಜಿನ ಮೇಲೆ ಬಂದು ಬೀಳುತ್ತವೆ. ಸಂರಕ್ಷಣಾಧಿಕಾರಿಯ ಹೊಣೆ ಆ ರಾಶಿಯ ಮೇಲಿಟ್ಟ ಇನ್ನೊಂದು ಕಡತ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ 'ಹೆಚ್ಚುವರಿ ಪ್ರಭಾರ' ಎಂಬ ಮಾತಿದೆ. ಮುಖ್ಯ ಹುದ್ದೆ ಬೇರೆ, ಇದು ಅದರ ಜೊತೆಗೆ ಎಂದರ್ಥ. ಮಗುವಿನ ಮೊಟ್ಟೆಯ ಲೆಕ್ಕ ತಪ್ಪಿದರೆ ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ನೋಟಿಸು ಬರುತ್ತದೆ, ಡಿ.ಐ.ಆರ್. ತಡವಾದರೆ ನೋಟಿಸು ಬರುವ ಸಂಭವ ಕಡಿಮೆ. ಅಧಿಕಾರಿ ಯಾವ ಕಡತವನ್ನು ಮೊದಲು ಬಿಚ್ಚುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದರಲ್ಲಿ ಅವರ ಮನಸ್ಸಿನ ದೋಷ ಹುಡುಕುವುದು ಅನ್ಯಾಯವಾದೀತು. ರಜಾದಿನದಲ್ಲಿ ತಮ್ಮ ದುಡ್ಡಿನಲ್ಲಿ ಆಟೋ ಹಿಡಿದು ಆಶ್ರಯಧಾಮಕ್ಕೆ ಬಿಟ್ಟುಬರುವ ಅಧಿಕಾರಿಗಳೂ ಇದ್ದೇ ಇರುತ್ತಾರೆ.

ವಿಚಿತ್ರವೆಂದರೆ, ಕರ್ತವ್ಯಲೋಪಕ್ಕೆ ಕಾನೂನು ಶಿಕ್ಷೆಯನ್ನು ಇಟ್ಟಿರುವುದು ಈ ಅಧಿಕಾರಿಗೇ. ನ್ಯಾಯಾಲಯ ಹೇಳಿದ ಕೆಲಸವನ್ನು ಸಕಾರಣವಿಲ್ಲದೆ ಮಾಡದಿದ್ದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು 33ನೆಯ ಪ್ರಕರಣ ಹೇಳುತ್ತದೆ. ಆದರೆ ರಾಜ್ಯ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದರ ಮುಂದಿನ ಪ್ರಕರಣ ಹೇಳುತ್ತದೆ. ಒಬ್ಬರ ಹೆಗಲಿಗೆ ನಾಲ್ಕು ಹುದ್ದೆ ಹೊರಿಸಿದ ಸರ್ಕಾರಕ್ಕೆ ಮಾತ್ರ ಯಾವ ಪ್ರಕರಣದಲ್ಲಿಯೂ ಶಿಕ್ಷೆಯಿಲ್ಲ.

ಪೊಲೀಸರ ವಿಷಯದಲ್ಲಿಯೂ ಇಂಥದೇ ಒಂದು ಕಂಡಿಯಿದೆ. ದೆಹಲಿಯಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಬಳಿಕ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಸಮಿತಿಯು ಸುಮಾರು 80,000 ಸಲಹೆಗಳನ್ನು ಓದಿ, ಒಂದು ತಿಂಗಳೊಳಗೆ ವರದಿ ಕೊಟ್ಟು, ಕಾನೂನಿನ ಕೊರತೆಗಿಂತ ಆಡಳಿತದ ವೈಫಲ್ಯವೇ ಮೂಲಕಾರಣವೆಂದು ನೇರವಾಗಿ ಹೇಳಿತು. ಅದರ ಫಲವಾಗಿ, ಅತ್ಯಾಚಾರ, ಆ್ಯಸಿಡ್ ದಾಳಿ ಮೊದಲಾದ ಕೆಲವು ಅಪರಾಧಗಳ ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೆ ಕನಿಷ್ಠ 6 ತಿಂಗಳ ಸೆರೆ ವಿಧಿಸುವ ಪ್ರಕರಣ ಬಂತು. ಗಂಡನ ಮನೆಯವರ ಕ್ರೌರ್ಯ ಆ ಪಟ್ಟಿಯಲ್ಲಿ ಸೇರಿಲ್ಲ. 'ಮನೆ ವಿಷಯ' ಎಂಬ ಹಳೆಯ ಮಾತು ಹೊಸ ಕಾನೂನಿನಲ್ಲಿಯೂ ಹೀಗೆ ಒಂದು ಮೂಲೆ ಹಿಡಿದು ಕುಳಿತಿದೆ.

ಮತ್ತೊಮ್ಮೆ ನೆನಪಿಸುವುದಾದರೆ: ಹೊಣೆ ಸರ್ಕಾರದ್ದು, ಕಾನೂನು ವಿಶಾಲವಾದದ್ದು, ಆದರೆ ಅದನ್ನು ನಡೆಸುವ ಹುದ್ದೆ ಇನ್ನೊಂದು ಹುದ್ದೆಯ ಬಾಲಂಗೋಚಿ. ಇದರ ಪರಿಣಾಮವನ್ನು ಕೆಲವೇ ಅಂಕಿಗಳಿಂದ ಅಳೆಯಬಹುದು.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗಂಡನ ಹಿಂಸೆಗೆ ಒಮ್ಮೆಯಾದರೂ ಒಳಗಾದವರು ದೇಶದಲ್ಲಿ 100ಕ್ಕೆ 29. ಕರ್ನಾಟಕದಲ್ಲಿ 100ಕ್ಕೆ 44. ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಅಂಕಿ ಇದರ ಅರ್ಧಕ್ಕಿಂತ ಕಡಿಮೆ ಇತ್ತು. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂದು ಕೇಳುವುದು ಸರಿಯೇ. ಎರಡರಲ್ಲಿ ಯಾವುದಾದರೂ ಸರ್ಕಾರದ ಕೆಲಸ ಕಡಿಮೆಯಾಗುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ 100 ಮಹಿಳೆಯರಲ್ಲಿ ಎಲ್ಲಿಯಾದರೂ ಸಹಾಯ ಕೇಳಿದವರು 14 ಮಾತ್ರ. ಹಾಗೆ ಕೇಳಿದವರಲ್ಲಿಯೂ ಹೆಚ್ಚಿನವರು ಹೋದದ್ದು ತವರಿಗೆ, ಠಾಣೆಗಲ್ಲ. ಇಷ್ಟು ಕಡಿಮೆ ಮಂದಿ ಬಾಗಿಲು ತಟ್ಟಿದರೂ, 2022ರ ಜುಲೈ ವೇಳೆಗೆ ಈ ಅಧಿನಿಯಮದ ಕೆಳಗೆ ದೇಶದ ನ್ಯಾಯಾಲಯಗಳಲ್ಲಿ ಬಾಕಿಯಿದ್ದ ಪ್ರಕರಣಗಳು ಸುಮಾರು 4 ಲಕ್ಷ 70 ಸಾವಿರ. 60 ದಿನದ ಮಾತು ಕಾಗದದಲ್ಲಿಯೇ ಉಳಿದಿದೆ.

ಹಣದ ವಿಷಯವನ್ನು ಚುಟುಕಾಗಿ ಹೇಳಬಹುದು. 2013ರ ಆಯವ್ಯಯದಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಣೆಯಾಯಿತು. ಅದರ ನೆರವಿನಿಂದ 2015ರಲ್ಲಿ 'ಸಖಿ' ಎಂಬ ಒಂದೇ ಸೂರಿನಡಿಯ ಕೇಂದ್ರಗಳೂ, 181 ಸಹಾಯವಾಣಿಯೂ ಬಂದವು. ಕರ್ನಾಟಕವು ಅದಕ್ಕೂ ಮುಂಚೆ, 2000-01ರಲ್ಲಿಯೇ, ಸ್ವಯಂಸೇವಾ ಸಂಸ್ಥೆಗಳ ಮೂಲಕ 'ಸಾಂತ್ವನ' ಯೋಜನೆ ಆರಂಭಿಸಿತ್ತೆಂಬುದು ಈ ರಾಜ್ಯದ ಹೆಗ್ಗಳಿಕೆ. ಆದರೆ ಸಖಿ ಕೇಂದ್ರದಲ್ಲಿ ನೊಂದ ಮಹಿಳೆ ಉಳಿಯಬಹುದಾದದ್ದು ಸಾಮಾನ್ಯವಾಗಿ 5 ದಿನ. ಪ್ರಕರಣ ವರ್ಷಗಟ್ಟಲೆ ನಡೆಯುವಾಗ ಆರನೆಯ ದಿನ ಆಕೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಎಲ್ಲ ಜಿಲ್ಲೆಗಳಲ್ಲಿಯೂ ಸರಿಯಾದ ಉತ್ತರ ಸಿಗುವುದಿಲ್ಲ. ಅನೇಕರು ಹೋಗುವುದು ಹೊಡೆತ ತಿಂದ ಮನೆಗೇ.

ಇಂಥ ಕಾನೂನುಗಳು ದುರ್ಬಳಕೆಯಾಗುತ್ತವೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಬಂಧನದ ಭಯವಿರುವ 498ಎ ಬಗ್ಗೆ ಹುಟ್ಟಿದ ಆ ವಾದವನ್ನು 2005ರ ಅಧಿನಿಯಮಕ್ಕೆ ಹಾಗೆಯೇ ಹೊಂದಿಸುವುದು ಸರಿಯಲ್ಲ. ಏಕೆಂದರೆ ಇಲ್ಲಿ ನ್ಯಾಯಾಲಯ ಮೊದಲು ಕೊಡುವುದು ಸಿವಿಲ್ ಸ್ವರೂಪದ ಆದೇಶ, ಸೆರೆಯ ಮಾತು ಬರುವುದು ರಕ್ಷಣೆಯ ಆದೇಶವನ್ನು ಮುರಿದಾಗ ಮಾತ್ರ. ಇನ್ನು, ಕಾರ್ಯನಿರತ ಸಂರಕ್ಷಣಾಧಿಕಾರಿಯೊಬ್ಬರು ಮನೆಗೇ ಹೋಗಿ ಬರೆದ ವರದಿ ಸುಳ್ಳು ದೂರನ್ನೂ ಬೇಗ ಬಯಲಿಗೆ ತರುತ್ತದೆ ಎಂಬುದನ್ನು ಆಕ್ಷೇಪಿಸುವವರು ಗಮನಿಸಬೇಕು.

ಈ ಅಧಿನಿಯಮದ ಜಾರಿಯಲ್ಲಿನ ಕೊರತೆಗಳ ಬಗ್ಗೆ 'ವಿ ದ ವಿಮೆನ್ ಆಫ್ ಇಂಡಿಯಾ' ಎಂಬ ಸಂಸ್ಥೆ ಹೂಡಿದ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಆದೇಶ ಕೊಟ್ಟಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ಸಂರಕ್ಷಣಾಧಿಕಾರಿಗಳಿಲ್ಲದ ಕಡೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ 6 ವಾರದೊಳಗೆ ಅಧಿಕಾರಿಗಳನ್ನು ಗುರುತಿಸಬೇಕೆಂದೂ, 11ನೆಯ ಪ್ರಕರಣದಂತೆ ಪ್ರಚಾರ ಕೈಗೊಳ್ಳಬೇಕೆಂದೂ ಆದೇಶದಲ್ಲಿತ್ತು. ಕಾನೂನು ಜಾರಿಗೆ ಬಂದು ಹದಿನೆಂಟು ವರ್ಷ ಕಳೆದ ಮೇಲೆ, ಅಧಿಕಾರಿ ಯಾರು ಎಂಬುದನ್ನಾದರೂ ಗೊತ್ತುಮಾಡಿ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಬೇಕಾಯಿತು. ಗುರುತಿಸುವುದಕ್ಕೂ ನೇಮಿಸುವುದಕ್ಕೂ ಇರುವ ಅಂತರ ಮಾತ್ರ ಇನ್ನೂ ಉಳಿದಿದೆ: ಇರುವ ಅಧಿಕಾರಿಯ ಹೆಸರಿನ ಮುಂದೆ ಇನ್ನೊಂದು ಪದನಾಮ ಬರೆಯುವುದು ಗುರುತಿಸುವಿಕೆ, ಆ ಕೆಲಸಕ್ಕೇ ಸಂಬಳ, ವಾಹನ, ಸಹಾಯಕ ಸಿಬ್ಬಂದಿ ಕೊಟ್ಟು ಕೂರಿಸುವುದು ನೇಮಕ. ಕಾನೂನಿನ 8ನೆಯ ಪ್ರಕರಣದಲ್ಲಿರುವುದು ನೇಮಕದ ಮಾತು.

ಕೇಳುಗರೇ, ಯಾವ ಮನೆಯಲ್ಲಾದರೂ ದೌರ್ಜನ್ಯ ನಡೆಯುತ್ತಿದೆಯೆಂದು ನಂಬಲು ಕಾರಣವಿದ್ದರೆ ನೆರೆಹೊರೆಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ತುರ್ತು ಪೊಲೀಸ್ ನೆರವಿಗೆ 112, ಕಾನೂನು ನೆರವಿಗೆ 15100. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಮುಂದಿನ ಮಹಿಳಾ ಗ್ರಾಮಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಈ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು, ಅವರಿಗೆ ಬೇರೆ ಯಾವ ಯಾವ ಪ್ರಭಾರಗಳಿವೆ, ಕಳೆದ ವರ್ಷ ಅವರು ಎಷ್ಟು ಡಿ.ಐ.ಆರ್. ಸಲ್ಲಿಸಿದರು. ಬಂದ ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ತಪ್ಪದೆ ಬರೆಸಿ.